ಬಲೂನಿಗೆ ಕಟ್ಟಿದ ಚೀಟಿ

2025ರ ಜನವರಿ 18, ಶನಿವಾರ. ಬೀದರ ಜಿಲ್ಲೆ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಬೆಳಬೆಳಿಗ್ಗೆ ಒಂದು ಮನೆಯ ಮೇಲೆ ಭಾರಿ ಬಲೂನು ಬಂದು ಬಿತ್ತು. ಅದಕ್ಕೆ ಯಂತ್ರವೊಂದನ್ನು ಕಟ್ಟಿತ್ತು. ಯಂತ್ರದಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಜನ ಹೌಹಾರಿದರು, ಪೊಲೀಸರಿಗೆ ಸುದ್ದಿ ಹೋಯಿತು. ನೋಡಿದರೆ ಯಂತ್ರದ ಜೊತೆಗೇ ಒಂದು ಪತ್ರವಿತ್ತು: ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದ ಸಾಮಾನು ಇದು, ಸಂಶೋಧನೆಗಾಗಿ ಹಾರಿಸಿದ್ದು. ಅಲ್ಲಿಗೆ ಎಲ್ಲರೂ ಉಸಿರುಬಿಟ್ಟರು. ಸುದ್ದಿ ಒಂದೆರಡು ದಿನ ಪತ್ರಿಕೆಗಳಲ್ಲಿ ಓಡಾಡಿತು, ಆಮೇಲೆ ಜನ ಮರೆತರು.

ಜಲಸಂಗಿ ಎಂದರೆ ಶಿಲ್ಪಕಲೆ ಬಲ್ಲವರಿಗೆ ಬೇರೆಯೇ ನೆನಪು. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಬಳುಕಿ ನಿಂತ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಕುರಿತ ಶಾಸನ ಬರೆಯುತ್ತಿದ್ದಾಳೆ. ಯಾರದು, ಯಾಕೆ ಎಂದು ಕಲ್ಲಿನಲ್ಲೇ ಬರೆದಿಟ್ಟ ಊರಿಗೆ ಹೆಸರು ವಿಳಾಸ ಹೊತ್ತ ಬಲೂನೇ ಬಂದು ಬಿದ್ದದ್ದು ಯೋಗಾಯೋಗ.

ಅದೇ ಬಲೂನು ನಮ್ಮ ಧಾರವಾಡ ಜಿಲ್ಲೆಯ ಕಡೆ ಬಂದಿದ್ದರೆ? ಜನವರಿ ಎಂದರೆ ಹಿಂಗಾರಿ ಜೋಳ, ಕಡಲೆ ಹೊಲದಲ್ಲಿರುವ ಕಾಲ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ದಿಗಂತದ ತನಕ ಕಣ್ಣಿಗೆ ಅಡ್ಡ ಬರುವುದು ಹೆಚ್ಚೆಂದರೆ ಒಂದು ಬನ್ನಿಗಿಡ, ಒಂದಿಷ್ಟು ಜಾಲಿ. ಅಲ್ಲೊಂದು ಬಿಳಿ ಹಾಳೆ ಇಳಿದರೆ ಎರಡು ಮೂರು ಊರಿನವರಿಗೆ ಒಮ್ಮೆಗೇ ಕಾಣುತ್ತದೆ. ಕುಂದಗೋಳದ ಕಡೆ ಒಣಹಾಕಿದ ಮೆಣಸಿನಕಾಯಿಯ ಕಣದ ಮೇಲೆ ಬಿದ್ದರಂತೂ ಕೆಂಪಿನ ಮೇಲೆ ಬಿಳಿ, ಫೋಟೊಕ್ಕೆ ಹೇಳಿ ಮಾಡಿಸಿದಂತೆ. ಕಲಘಟಗಿಯ ಕಾಡಂಚಿನಲ್ಲಿ ಬಿದ್ದರೆ ಮಾತ್ರ ದನ ಕಾಯುವವರ ಕಣ್ಣಿಗೆ ಬೀಳುವ ತನಕ ವಾರಗಟ್ಟಲೆ ಅಲ್ಲೇ ಬಿದ್ದಿರುತ್ತದೆ. "ಏನ್ ಬಿದ್ದೈತ್ರೀ ಅಲ್ಲಿ?" ಎಂದು ಒಬ್ಬರು, "ಮುಟ್ಟಬ್ಯಾಡ್ರೋ, ಬಾಂಬ್ ಇದ್ದೀತು" ಎಂದು ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಅನ್ಯಗ್ರಹದವರು ಇಳಿದಾಗಿರುತ್ತದೆ.

ನಗಬೇಡಿ. ಬಿದ್ದದ್ದರ ಮೇಲೆ ಹೆಸರಿಲ್ಲದಿದ್ದರೆ, ಕೇಳಿದವರಿಗೆ ಸರಕಾರ ಸುಳ್ಳು ಹೇಳಿದರೆ, ಎಂಥ ಜಾಣರ ಊರಲ್ಲಾದರೂ ಅದು ಅನ್ಯಗ್ರಹದ ನೌಕೆಯೇ ಆಗುತ್ತದೆ. ಆ ಪ್ರಯೋಗ ಅಮೆರಿಕದಲ್ಲಿ ಒಮ್ಮೆ ನಡೆದುಹೋಗಿದೆ. ಅದರ ಫಲಿತಾಂಶದ ಹೆಸರು ರಾಸ್‌ವೆಲ್.

1947ರ ಜೂನ್ 14. ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್ ಪಟ್ಟಣದಿಂದ ನೂರು ಕಿ.ಮೀ.ಗೂ ಹೆಚ್ಚು ದೂರದ ಒಣ ಹುಲ್ಲುಗಾವಲು. ಅಲ್ಲಿ ಕುರಿ ಸಾಕಣೆಯ ಮೇಲ್ವಿಚಾರಣೆ ನೋಡಿಕೊಂಡಿದ್ದ ಮ್ಯಾಕ್ ಬ್ರೇಜೆಲ್ ಎಂಟು ವರ್ಷದ ಮಗನ ಜೊತೆ ಸುತ್ತು ಹೊರಟಿದ್ದಾಗ ನೆಲದ ತುಂಬ ಏನೇನೋ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಹೊಗೆಬಣ್ಣದ ರಬ್ಬರಿನ ಚಿಂದಿ, ಬೆಳ್ಳಿ ಹಾಳೆ, ಗಟ್ಟಿ ಕಾಗದ, ತೆಳ್ಳನೆಯ ಕಟ್ಟಿಗೆ ಕಡ್ಡಿ. ಕೆಲಸದ ಅವಸರ, ಅವನು ಹೆಚ್ಚು ಲಕ್ಷ್ಯ ಕೊಡಲಿಲ್ಲ. ಹತ್ತು ದಿನ ಕಳೆದು, ಜೂನ್ 24ರಂದು, ಕೆನೆತ್ ಆರ್ನಾಲ್ಡ್ ಎಂಬಾತ ತನ್ನ ಸಣ್ಣ ವಿಮಾನದಲ್ಲಿ ಹೋಗುತ್ತಿದ್ದಾಗ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಭಾರಿ ವೇಗದಲ್ಲಿ ಹಾರಿಹೋದದ್ದನ್ನು ಕಂಡೆ ಎಂದ. ಪತ್ರಿಕೆಗಳಿಗೆ ಹಬ್ಬವಾಯಿತು. ಹಾರುವ ತಟ್ಟೆ ಕಂಡವರ ಸಂಖ್ಯೆ ದೇಶದ ತುಂಬ ದಿನದಿಂದ ದಿನಕ್ಕೆ ಏರಿತು. ಪುರಾವೆ ತಂದುಕೊಟ್ಟವರಿಗೆ ಸಾವಿರ ಡಾಲರ್ ಬಹುಮಾನ ಎಂಬ ಘೋಷಣೆಗಳೂ ಬಂದವು.

ಜುಲೈ ಮೊದಲ ವಾರ ಹತ್ತಿರದ ಊರಿಗೆ ಹೋದಾಗ ಬ್ರೇಜೆಲ್‌ನ ಕಿವಿಗೆ ಈ ಸುದ್ದಿ ಬಿತ್ತು. ಉಣ್ಣೆ ಮಾರಲು ರಾಸ್‌ವೆಲ್‌ಗೆ ಬಂದವನು ಪೊಲೀಸ್ ಅಧಿಕಾರಿ ಜಾರ್ಜ್ ವಿಲ್ಕಾಕ್ಸ್‌ನ ಕಿವಿಯಲ್ಲಿ ವಿಷಯ ಹಾಕಿದ. ವಿಲ್ಕಾಕ್ಸ್ ಪಕ್ಕದ ವಾಯುನೆಲೆಗೆ ಹೇಳಿದ. ಆ ನೆಲೆಯೂ ಸಾಮಾನ್ಯದ್ದಲ್ಲ. ಹಿರೋಶಿಮಾ, ನಾಗಸಾಕಿಯ ಮೇಲೆ ಅಣುಬಾಂಬು ಹಾಕಿದ 509ನೇ ತುಕಡಿ ಇದ್ದದ್ದು ಅಲ್ಲೇ. ಗುಪ್ತಚರ ಅಧಿಕಾರಿ ಮೇಜರ್ ಜೆಸ್ಸಿ ಮಾರ್ಸೆಲ್ ಹೋಗಿ ಚೂರುಗಳನ್ನು ಆರಿಸಿ ತಂದ. ಜುಲೈ 8ರಂದು ವಾಯುನೆಲೆಯೇ ಪ್ರಕಟಣೆ ಕೊಟ್ಟಿತು: ಹಾರುವ ತಟ್ಟೆ ನಮ್ಮ ಕೈವಶವಾಗಿದೆ! ಸಂಜೆಯೊಳಗೆ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಮೇಲಧಿಕಾರಿ ಬ್ರಿಗೇಡಿಯರ್ ಜನರಲ್ ರೋಜರ್ ರೇಮಿ ಅದನ್ನು ಅಲ್ಲಗಳೆದ. ತಟ್ಟೆಯೂ ಇಲ್ಲ ಎಂಥದ್ದೂ ಇಲ್ಲ, ಹವಾಮಾನ ಬಲೂನು ಎಂದ. ನೆಲದ ಮೇಲೆ ಬೆಳ್ಳಿ ಹಾಳೆಯ ಚೂರು ಹರಡಿಕೊಂಡು ಮಾರ್ಸೆಲ್ ಮಂಡಿಯೂರಿದ ಫೋಟೊ ಪತ್ರಿಕೆಗೆ ಹೋಯಿತು.

ಬ್ರೇಜೆಲ್ ಕೊಟ್ಟ, ಮರುದಿನ ರಾಸ್‌ವೆಲ್‌ನ ಪತ್ರಿಕೆಯಲ್ಲಿ ಅಚ್ಚಾದ ವಿವರ ಇವತ್ತಿಗೂ ಓದಲು ಸಿಗುತ್ತದೆ. ಇಡೀ ಪ್ರಕರಣದಲ್ಲಿ ನನಗೆ ಎಲ್ಲರಿಗಿಂತ ನಂಬುಗೆಯ ಸಾಕ್ಷಿ ಅವನೇ. ಎಲ್ಲ ಚೂರು ಕೂಡಿಸಿದರೂ ತೂಕ ಸುಮಾರು ಐದು ಪೌಂಡು, ಅಂದರೆ ಎರಡೂಕಾಲು ಕಿಲೊ ಎಂದ. ಎಂಜಿನ್ ಇರಲಿಲ್ಲ, ಲೋಹದ ಭಾರಿ ತುಂಡು ಯಾವುದೂ ಇರಲಿಲ್ಲ, ಅಂಟುಪಟ್ಟಿಯಿತ್ತು, ಅದರಲ್ಲಿ ಕೆಲವಕ್ಕೆ ಹೂವಿನ ಚಿತ್ತಾರ ಇತ್ತು ಎಂದ. ಇದೇ ಹೊಲದಲ್ಲಿ ಹಿಂದೆ ಎರಡು ಸಲ ಹವಾಮಾನ ಬಲೂನು ಸಿಕ್ಕಿದ್ದವು, ಇದು ಅವುಗಳಂತೆ ಇರಲಿಲ್ಲ ಎಂದೂ ಹೇಳಿದ. ಇನ್ನು ಮುಂದೆ ಬಾಂಬು ಬಿಟ್ಟು ಬೇರೇನು ಸಿಕ್ಕರೂ ಬಾಯಿ ಬಿಡುವುದಿಲ್ಲ ಎಂಬರ್ಥದ ಮಾತಾಡಿ ಮನೆಗೆ ಹೋದ. ಕಚೇರಿ ಕಚೇರಿ ಅಲೆದು ಸಾಕಾದ ಯಾವ ರೈತನಿಗಾದರೂ ಈ ದನಿ ಪರಿಚಯವೇ.

ಬ್ರೇಜೆಲ್ ಹೇಳಿದ್ದು ಸರಿಯಾಗಿತ್ತು. ಅದು ಹವಾಮಾನ ಬಲೂನಲ್ಲ. ಹಾಗಂತ ಜನರಲ್ ರೇಮಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬಲೂನೇ, ಆದರೆ ಹವಾಮಾನಕ್ಕೆ ಸಂಬಂಧವಿಲ್ಲದ್ದು. ಇದರ ಗಂಟು ಬಿಚ್ಚಲು ನಲವತ್ತೇಳು ವರ್ಷ ಬೇಕಾಯಿತು.

ಎರಡನೇ ಮಹಾಯುದ್ಧ ಮುಗಿದಾಗ ಅಣುಬಾಂಬು ಇದ್ದದ್ದು ಅಮೆರಿಕದ ಬಳಿ ಮಾತ್ರ. ಸೋವಿಯತ್ ಒಕ್ಕೂಟ ತನ್ನದನ್ನು ಸಿಡಿಸಿದ ದಿನ ಗೊತ್ತಾಗಬೇಕು, ಆದರೆ ಆ ದೇಶದೊಳಗೆ ಕಣ್ಣು ಹಾಯಿಸಲು ದಾರಿಯಿಲ್ಲ. ಮಾರಿಸ್ ಯೂಯಿಂಗ್ ಎಂಬ ಭೂಭೌತವಿಜ್ಞಾನಿಗೆ ಒಂದು ಉಪಾಯ ಹೊಳೆಯಿತು. ಸಮುದ್ರದ ಆಳದಲ್ಲಿ ಒಂದು ಪದರ ಇದೆ. ಅಲ್ಲಿ ಹುಟ್ಟಿದ ಶಬ್ದ ಮೇಲಕ್ಕೂ ಕೆಳಕ್ಕೂ ಚೆದುರದೆ ಆ ಪದರದಲ್ಲೇ ಬಾಗಿ ಬಾಗಿ ಸಾವಿರಾರು ಕಿ.ಮೀ. ಸಾಗುತ್ತದೆ. ಇದನ್ನು ಯೂಯಿಂಗ್ ಮೊದಲೇ ತೋರಿಸಿದ್ದ. ಗಾಳಿಯಲ್ಲೂ, ಬಹಳ ಎತ್ತರದಲ್ಲಿ, ಅಂಥದೇ ಪದರ ಇರಬೇಕು. ಅಲ್ಲಿಗೆ ಮೈಕ್ ತೂಗುಬಿಟ್ಟರೆ ಭೂಮಿಯ ಆಚೆ ಬದಿಯ ಸ್ಫೋಟದ ಗುಡುಗು ಕೇಳಿಸಬಹುದು. ಮಾಮೂಲು ಬಲೂನು ಏರುತ್ತ ಏರುತ್ತ ಹಿಗ್ಗಿ ಒಡೆದುಹೋಗುತ್ತದೆ. ಇಲ್ಲಿ ಒಂದೇ ಎತ್ತರದಲ್ಲಿ ಗಂಟೆಗಟ್ಟಲೆ ತೇಲಬೇಕು. ಈ ಕೆಲಸ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡಕ್ಕೆ ಬಂತು. ಯೋಜನೆಯ ಗುಪ್ತನಾಮ ಮೊಗಲ್.

ಸೂಕ್ತ ಪ್ಲಾಸ್ಟಿಕ್ ಬಲೂನು ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ತಂಡದವರು ಇಪ್ಪತ್ತಕ್ಕೂ ಹೆಚ್ಚು ನಿಯೋಪ್ರೀನ್ ರಬ್ಬರ್ ಬಲೂನುಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದರು. ಹಗ್ಗದ ಉದ್ದ ಸುಮಾರು 200 ಮೀಟರ್. ರಡಾರಿಗೆ ಕಾಣಲಿ ಎಂದು ನಡುನಡುವೆ ಕಡ್ಡಿಗಳ ಚೌಕಟ್ಟಿಗೆ ಬೆಳ್ಳಿ ಹಾಳೆ ಹಚ್ಚಿದ ಪ್ರತಿಫಲಕಗಳನ್ನು ತೂಗುಹಾಕಿದರು. ಗಾಳಿಪಟ ಕಟ್ಟಿದವರಿಗೆ ಈ ಸಾಮಾನು ಹೊಸದಲ್ಲ: ಹಗುರ ಕಟ್ಟಿಗೆ, ಕಾಗದ, ಅಂಟು. ತಂಡದಲ್ಲಿದ್ದ ಚಾರ್ಲ್ಸ್ ಮೂರ್ ಮುಂದೆ ನೆನಪಿಸಿಕೊಂಡ ಪ್ರಕಾರ ಆ ಪ್ರತಿಫಲಕಗಳನ್ನು ಮಾಡಿಕೊಟ್ಟದ್ದು ನ್ಯೂಯಾರ್ಕಿನ ಆಟಿಕೆ ತಯಾರಕರು. ಅವರು ಬಲಪಡಿಸಲು ಬಳಸಿದ ಪಟ್ಟಿಯ ಮೇಲೆ ನಸುಗೆಂಪು-ನೇರಳೆ ಹೂವಿನ ಅಚ್ಚು ಇತ್ತು. ಬ್ರೇಜೆಲ್ ಕಂಡ ಹೂವು ಇವೇ. ದಶಕಗಳ ಬಳಿಕ ಇದೇ ಹೂವುಗಳನ್ನು ಜನ ಅನ್ಯಗ್ರಹದ ಚಿತ್ರಲಿಪಿ ಎಂದು ಓದಲು ಕೂತರು. ನಿಯೋಪ್ರೀನ್ ಕೂಡ ಬಿಸಿಲಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಕಪ್ಪಿಟ್ಟು ಚಿಂದಿಯಾಗುತ್ತದೆ. ಬ್ರೇಜೆಲ್‌ನ ಹೊಗೆಬಣ್ಣದ ರಬ್ಬರಿಗೆ ಇಷ್ಟು ಸಾಕು.

1947ರ ಜೂನ್ 4ರಂದು ಅಲಮಗಾರ್ಡೊದಿಂದ ಬಿಟ್ಟ ನಾಲ್ಕನೆಯ ಬಲೂನು ಸರಣಿ ಬ್ರೇಜೆಲ್‌ನ ಹುಲ್ಲುಗಾವಲಿನ ದಿಕ್ಕಿಗೇ ಹೋಗಿ ಕಣ್ಮರೆಯಾಯಿತು ಎಂಬುದು ಮೂರ್ ಅವರ ಲೆಕ್ಕ. ಇದಕ್ಕೆ ಆಕ್ಷೇಪವೂ ಇದೆ. ತಂಡದ ಆಲ್ಬರ್ಟ್ ಕ್ರೇರಿ ಅಂದಿನ ದಿನಚರಿಯಲ್ಲಿ ಮೋಡದಿಂದಾಗಿ ಹಾರಾಟ ಆಗಲಿಲ್ಲ ಎಂದು ಬರೆದು, ಮುಂದಿನ ಸಾಲಿನಲ್ಲೇ ಬಲೂನುಗಳ ಗೊಂಚಲಿಗೆ ಮೈಕ್ ಕಟ್ಟಿ ಹಾರಿಸಿದೆವು ಎಂದಿದ್ದಾನೆ. ಅನ್ಯಗ್ರಹವಾದಿಗಳು ಮೊದಲ ಸಾಲು ಹಿಡಿದರು, ಸಂಶಯವಾದಿಗಳು ಎರಡನೆಯದನ್ನು. ನನಗೆ ಈ ಜಗಳಕ್ಕಿಂತ ಚೂರುಗಳ ಪಟ್ಟಿಯೇ ದೊಡ್ಡದು. ಕಡ್ಡಿ, ಹಾಳೆ, ರಬ್ಬರ್, ಹೂವಿನ ಪಟ್ಟಿ, ಎರಡೂಕಾಲು ಕಿಲೊ: ನಕ್ಷತ್ರಗಳನ್ನು ದಾಟಿ ಬಂದ ನೌಕೆಗೆ ಈ ಪಟ್ಟಿ ಹೊಂದುವುದಿಲ್ಲ, ಮೊಗಲ್ ಬಲೂನಿಗೆ ಒಂದೊಂದೂ ಹೊಂದುತ್ತದೆ.

ಹಾಗಾದರೆ ಸೇನೆ ಯಾಕೆ ನಿಜ ಹೇಳಲಿಲ್ಲ? ಚೂರುಗಳಲ್ಲಿ ಗುಟ್ಟು ಏನೂ ಇರಲಿಲ್ಲ. ಗುಟ್ಟಿದ್ದದ್ದು ಅವುಗಳನ್ನು ಯಾತಕ್ಕೆ ಹಾರಿಸಿದರು ಎಂಬುದರಲ್ಲಿ. ರಾಸ್‌ವೆಲ್ ನೆಲೆಯವರಿಗೇ ಅದು ತಿಳಿದಿರಲಿಲ್ಲ. ಬಲೂನು ಕಟ್ಟಿ ಹಾರಿಸಿದ ಮೂರ್ ಅವರಿಗೆ ಆ ಯೋಜನೆಯ ಹೆಸರು ಮೊಗಲ್ ಎಂದು ಗೊತ್ತಾದದ್ದು 1990ರ ದಶಕದಲ್ಲಿ, ಅದೂ ದಾಖಲೆ ಕೆದಕುತ್ತಿದ್ದ ಹೊರಗಿನವರೊಬ್ಬರಿಂದ! ಇಷ್ಟೆಲ್ಲ ಮುಚ್ಚಿಟ್ಟೂ ಬಂದ ಲಾಭ ಅಷ್ಟಕ್ಕಷ್ಟೆ. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಮೊದಲ ಅಣುಬಾಂಬು ಸಿಡಿಸಿದಾಗ ಅಮೆರಿಕಕ್ಕೆ ಸುಳಿವು ಸಿಕ್ಕಿದ್ದು ವಿಮಾನಕ್ಕೆ ಕಟ್ಟಿದ ಸೋಸುಕಾಗದದ ಮೇಲೆ ಕೂತ ವಿಕಿರಣಶೀಲ ಧೂಳಿನಿಂದ, ಬಲೂನಿನ ಮೈಕಿನಿಂದಲ್ಲ.

ಮೂವತ್ತು ವರ್ಷ ರಾಸ್‌ವೆಲ್ ತಣ್ಣಗಿತ್ತು. 1978ರಲ್ಲಿ ನಿವೃತ್ತ ಮಾರ್ಸೆಲ್ ತಾನು ಹಿಡಿದದ್ದು ಈ ಲೋಕದ್ದಲ್ಲ ಎಂದು ಹಾರುವ ತಟ್ಟೆಗಳ ಸಂಶೋಧಕ ಸ್ಟಾಂಟನ್ ಫ್ರೀಡ್‌ಮನ್‌ಗೆ ಹೇಳಿದ. 1980ರಲ್ಲಿ ಇದರ ಮೇಲೆ ಪುಸ್ತಕವೇ ಬಂತು. ಅಲ್ಲಿಂದ ಮುಂದೆ ಕಥೆಯಲ್ಲಿ ಹೆಣಗಳು ಸೇರಿದವು, ಹೆಣ ಕೊಯ್ದ ವೈದ್ಯರು ಸೇರಿದರು, ಎರಡನೆಯ ನೌಕೆ ಸೇರಿತು. ಸಂಸದರೊಬ್ಬರು ಪಟ್ಟು ಹಿಡಿದ ಮೇಲೆ 1994ರಲ್ಲಿ ವಾಯುಪಡೆ ಮೊಗಲ್ ಯೋಜನೆಯ ವಿವರ ಬಿಚ್ಚಿಟ್ಟಿತು. 1997ರಲ್ಲಿ ಇನ್ನೊಂದು ವರದಿ ತಂದು, ಹೆಣ ಕಂಡವರು ನಿಜಕ್ಕೂ ಕಂಡದ್ದು ಪ್ಯಾರಾಶೂಟ್ ಪರೀಕ್ಷೆಗೆ ಬಲೂನಿನಿಂದ ಎಸೆದ ಮನುಷ್ಯಾಕಾರದ ಗೊಂಬೆಗಳನ್ನು ಎಂದಿತು. ಮೊದಲ ವರದಿ ಗಟ್ಟಿಯಾಗಿದೆ. ಎರಡನೆಯದು ನನಗೆ ಅಷ್ಟು ರುಚಿಸುವುದಿಲ್ಲ: ಗೊಂಬೆ ಎಸೆದದ್ದು 1950ರ ದಶಕದಲ್ಲಿ, ಘಟನೆ 1947ರದ್ದು. 1947ರ ಯಾವ ಸುದ್ದಿಯಲ್ಲೂ ಇಲ್ಲದ ಹೆಣಗಳಿಗೆ ವಿವರಣೆ ಹುಡುಕುವ ಗೋಜಿಗೆ ವಾಯುಪಡೆ ಹೋಗಬಾರದಿತ್ತು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವರು ಆಮೇಲೆ ಅತಿಯಾಗಿ ಸಮಜಾಯಿಷಿ ಕೊಡತೊಡಗುತ್ತಾರೆ, ಅದರಿಂದಲೂ ಅನುಮಾನವೇ ಹೆಚ್ಚುತ್ತದೆ.

ಬಲೂನಿನ ಗುಟ್ಟು ಬರೀ ದಂತಕಥೆಯನ್ನಷ್ಟೇ ಹುಟ್ಟಿಸಿಲ್ಲ, ಜೀವವನ್ನೂ ತೆಗೆದಿದೆ. 1944ರ ನವೆಂಬರಿನಿಂದ 1945ರ ಏಪ್ರಿಲ್ ತನಕ ಜಪಾನ್ ಸುಮಾರು ಒಂಬತ್ತು ಸಾವಿರ ಬಾಂಬು ಕಟ್ಟಿದ ಕಾಗದದ ಬಲೂನುಗಳನ್ನು ಶಾಂತಸಾಗರದಾಚೆಯ ಅಮೆರಿಕದತ್ತ ಬಿಟ್ಟಿತು. ಕಾಗದವನ್ನು ಗಡ್ಡೆಯ ಅಂಟಿನಿಂದ ಪದರ ಪದರವಾಗಿ ಅಂಟಿಸಿದವರಲ್ಲಿ ಶಾಲೆಯ ಹುಡುಗಿಯರೂ ಇದ್ದರು. ಬಲೂನು ಕೆಳಗಿಳಿದಾಗ ತಾನಾಗಿ ಒಂದೊಂದು ಮರಳಚೀಲ ಕಳಚಿ ಮತ್ತೆ ಮೇಲೇರುವ ಏರ್ಪಾಡು. ಸಿಕ್ಕ ಮರಳನ್ನು ಅಮೆರಿಕದ ಭೂವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಇಟ್ಟು, ಅದರಲ್ಲಿದ್ದ ಖನಿಜ, ಸೂಕ್ಷ್ಮಜೀವಿಗಳ ಚಿಪ್ಪು ನೋಡಿ, ಜಪಾನಿನ ಯಾವ ಕಡಲತಡಿಯದಿರಬಹುದು ಎಂದು ಲೆಕ್ಕ ಹಾಕಿದರು. ಪತ್ತೇದಾರಿಕೆ ಎಂದರೆ ಅದು! ಆದರೆ ಶತ್ರುವಿಗೆ ತಿಳಿಯಬಾರದೆಂದು ಪತ್ರಿಕೆಗಳ ಬಾಯಿ ಮುಚ್ಚಿಸಿದರು. ಪರಿಣಾಮ, ಆ ನೆಲದ ಜನರಿಗೂ ತಿಳಿಯಲಿಲ್ಲ. 1945ರ ಮೇ 5ರಂದು ಆರೆಗಾನ್ ರಾಜ್ಯದ ಬ್ಲೈ ಎಂಬಲ್ಲಿ ಕಾಡಿಗೆ ವನಭೋಜನಕ್ಕೆ ಹೋದವರಿಗೆ ಬಲೂನು ಸಿಕ್ಕಿತು. ಗರ್ಭಿಣಿಯೊಬ್ಬರೂ ಐವರು ಮಕ್ಕಳೂ ಸ್ಫೋಟಕ್ಕೆ ಬಲಿಯಾದರು. ಅದಾದ ಮೇಲೆ ಸರಕಾರ ಜನರಿಗೆ ಎಚ್ಚರಿಕೆ ಕೊಟ್ಟಿತು.

1956ರಲ್ಲಿ ಅಮೆರಿಕ ಸೋವಿಯತ್ ನೆಲದ ಮೇಲೆ ನೂರಾರು ಬೇಹು ಬಲೂನುಗಳನ್ನು ತೇಲಿಬಿಟ್ಟಿತು, ಹವಾಮಾನ ಸಂಶೋಧನೆ ಎಂಬ ಹೆಸರಿನಲ್ಲಿ. ಹಲವು ಕೆಳಗೆ ಬಿದ್ದವು. ಸೋವಿಯತ್‌ನವರು ಅವನ್ನು ಮಾಸ್ಕೊದಲ್ಲಿ ಪ್ರದರ್ಶನಕ್ಕಿಟ್ಟು ಅಮೆರಿಕದ ಮಾನ ಕಳೆದರು. ಕ್ಯಾಮೆರಾಗಳಲ್ಲಿದ್ದ ಫಿಲ್ಮು ಬಿಸಿಲು, ಚಳಿ, ವಿಕಿರಣ ಎಲ್ಲ ತಡೆಯುವಂಥದ್ದು. 1959ರಲ್ಲಿ ಲೂನಾ 3 ನೌಕೆ ಚಂದ್ರನ ಆಚೆ ಮುಖದ ಮೊಟ್ಟಮೊದಲ ಚಿತ್ರ ತೆಗೆದದ್ದು ಹೀಗೆ ಸಿಕ್ಕ ಫಿಲ್ಮಿನಲ್ಲೇ ಎಂದು ಬಾಹ್ಯಾಕಾಶ ಚರಿತ್ರೆ ಬರೆದವರು ಹೇಳುತ್ತಾರೆ. ಹೊಲದಲ್ಲಿ ಬಿದ್ದ ಸಾಮಾನು ಚಂದ್ರನ ತನಕ ಹೋಗಿಬಂತು.

ನಮ್ಮಲ್ಲೂ ಸೇನೆಯ ಸಾಮಾನು ಹೊಲಕ್ಕೆ ಬೀಳುವುದುಂಟು. ಚಿತ್ರದುರ್ಗ ಜಿಲ್ಲೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಪರೀಕ್ಷಾ ನೆಲೆ ಇದೆ. ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ಅಲ್ಲಿ. 2019ರ ಸೆಪ್ಟೆಂಬರಿನಲ್ಲಿ ಜೋಡಿ ಚಿಕ್ಕೇನಹಳ್ಳಿಯ ಬಳಿ ಒಂದು ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ತಪಸ್ ಎಂಬ ವಿಮಾನ ಬಿದ್ದು ಚೂರಾಯಿತು. ಊರವರು ಓಡಿಬಂದರು, ವಿಡಿಯೊ ತೆಗೆದರು, ಅದೇ ದಿನ ಎಲ್ಲರಿಗೂ ಅದು ಏನೆಂದು ತಿಳಿಯಿತು. ಯಾರ ಬಾಯಲ್ಲೂ ಅನ್ಯಗ್ರಹದ ಮಾತು ನಿಲ್ಲಲಿಲ್ಲ, ಯಾಕೆಂದರೆ ಯಾರೂ ಅದನ್ನು ಬೇರೆ ಏನೋ ಎಂದು ನಂಬಿಸಲು ಹೊರಡಲಿಲ್ಲ. ಅದೇ ವರ್ಷ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಗುರುತು ಸಿಗದ ವಸ್ತು ಕಂಡಿತೆಂದು ವಿಮಾನ ಸಂಚಾರವನ್ನೇ ನಿಲ್ಲಿಸಿದರು. ರಫೇಲ್ ವಿಮಾನಗಳು ಹುಡುಕಲು ಹಾರಿದವು. ಅದರ ಸುತ್ತ ಕಥೆಗಳಿಗೆ ಕೊರತೆಯಾಗಲಿಲ್ಲ.

ಮೌನ ಕಥೆ ಹುಟ್ಟಿಸುವುದಕ್ಕೆ ಏನಾದರೂ ಆಕಾಶದಿಂದಲೇ ಬೀಳಬೇಕೆಂದಿಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ಜೋಡಿಸಿಟ್ಟ ತಲೆಬುರುಡೆಗಳು ಸಿಕ್ಕದ್ದು ಈ ಭಾಗದವರಿಗೆ ನೆನಪಿರಬೇಕು. ನೂರಾರು ಬುರುಡೆ. ಕಾಲನಿರ್ಣಯದ ವರದಿ ಬರುವ ತನಕ ಯುದ್ಧ, ನರಬಲಿ, ಹತ್ಯಾಕಾಂಡ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಇಂಗಾಲದ ಪರೀಕ್ಷೆ ಸುಮಾರು ಆರು ನೂರು ವರ್ಷ ಹಿಂದಿನವು ಎಂದಾಗ ಮಾತಿನ ಕಾವು ಇಳಿಯಿತು. ದುರ್ಗಾದೇವಿ ಎಂದು ಹೆಸರಾದ ಆ ಕಾಲದ ಬರಗಾಲಕ್ಕೆ ಇದು ಹೊಂದುತ್ತದೆ ಎಂಬ ವಾದ ಮುಂದೆ ಬಂತು.

ಮತ್ತೆ ಬಲೂನಿಗೆ ಬರೋಣ. ಬಲೂನು ವಿಜ್ಞಾನಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. 1939-40ರ ಚಳಿಗಾಲದಲ್ಲಿ ನೊಬೆಲ್ ಪುರಸ್ಕೃತ ರಾಬರ್ಟ್ ಮಿಲಿಕನ್ ತನ್ನ ಸಂಗಡಿಗರೊಡನೆ ಭಾರತಕ್ಕೆ ಬಂದು, ವಿಶ್ವಕಿರಣ ಅಳೆಯಲು ಆಗ್ರಾ, ಪೇಶಾವರಗಳ ಜೊತೆಗೆ ಬೆಂಗಳೂರಿನಿಂದಲೂ ಬಲೂನು ಹಾರಿಸಿದ. ಆಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರಿಗೂ ಅದೇ ವಿಷಯದ ಗೀಳು. 1945ರಲ್ಲಿ ಅವರು ಟಾಟಾ ಸಂಸ್ಥೆ ಕಟ್ಟಿದ ಮೇಲೆ ಬಲೂನು ಹಾರಿಸುವುದು ಅಲ್ಲಿಯ ದೊಡ್ಡ ಕಸುಬಾಯಿತು. 1960ರ ದಶಕದ ಕೊನೆಗೆ ಹೈದರಾಬಾದಿನಲ್ಲಿ ಶಾಶ್ವತ ನೆಲೆ ಸಿಕ್ಕಿತು. ಬಲೂನಿನ ಹಾಳೆಯನ್ನೂ ಅವರೇ ತಯಾರಿಸುತ್ತಾರೆ. ನಮ್ಮ ಕೂದಲಿಗಿಂತ ಎಷ್ಟೋ ತೆಳ್ಳಗಿನ ಪಾಲಿಥೀನ್ ಅದು.

ನೆಲದಿಂದ ಏಳುವಾಗ ಬಲೂನಿನ ತಲೆಯಲ್ಲಷ್ಟೇ ಒಂದಿಷ್ಟು ಜಲಜನಕ ಇರುತ್ತದೆ. ದೊಡ್ಡ ಚೀಲದಲ್ಲಿ ಒಂದು ಸೇರು ಜೋಳ ಸುರಿದಂತೆ. ಉಳಿದ ಹಾಳೆ ಜೋತಾಡುತ್ತಿರುತ್ತದೆ. 30 ಕಿ.ಮೀ. ಮೇಲೆ ಹೋದಾಗ ಸುತ್ತಲಿನ ಗಾಳಿಯ ಒತ್ತಡ ನೆಲಮಟ್ಟದ ನೂರರ ಒಂದು ಪಾಲಿಗೆ ಇಳಿದಿರುತ್ತದೆ. ಅದೇ ಅನಿಲ ಹಿಗ್ಗಿ ಹಾಳೆಯನ್ನು 50ರಿಂದ 85 ಮೀಟರ್ ಅಗಲದ ಗುಂಡಾಗಿಸುತ್ತದೆ. ನೆಲದ ಮೇಲೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದರೂ ಆ ಎತ್ತರಕ್ಕೆ ಬಿಸಿಲು ತಾಗುತ್ತಲೇ ಇರುತ್ತದೆ. ಕೆಳಗೆ ಕತ್ತಲು, ಮೇಲೆ ಅಲುಗಾಡದೆ ಹೊಳೆಯುವ ಬೆಳ್ಳಿ ಚುಕ್ಕೆ. ವಿಮಾನವಾದರೆ ಸರಿಯಬೇಕು, ನಕ್ಷತ್ರವಾದರೆ ಇಷ್ಟು ಬೇಗ ಕಾಣಬಾರದು. ಕೆಳಗಿನ ಗಾಳಿ ಪೂರ್ವಕ್ಕೆ ಬೀಸುತ್ತಿದ್ದಾಗ ಮೇಲಿನದು ಪಶ್ಚಿಮಕ್ಕೆ ಬೀಸುವುದೂ ಇದೆ. ಆಗ ಗಾಳಿಗೆ ಎದುರಾಗಿ ತಾನೇ ನಡೆದ ಹಾಗೆ ತೋರುತ್ತದೆ. ನೋಡಿದವರಿಗೆ ಅಚ್ಚರಿಯಾಗದಿದ್ದರೆ ಅದೇ ಅಚ್ಚರಿ.

2022ರ ಡಿಸೆಂಬರ್ 7ರಂದು ತೆಲಂಗಾಣದಲ್ಲಿ ಹಾಗೆಯೇ ಆಯಿತು. ಹೈದರಾಬಾದಿನ ಆಕಾಶದಲ್ಲಿ ಬಿಳಿ ಬಿಂದು ನೋಡಿದವರು ಫೋಟೊ ಹಂಚಿಕೊಂಡರು. ಆಮೇಲೆ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲ ಎಂಬ ಹಳ್ಳಿಯ ಹೊಲದಲ್ಲಿ ದುಂಡನೆಯ ದೊಡ್ಡ ಕೋಶವೊಂದು ಇಳಿಯಿತು. ಅನ್ಯಗ್ರಹದ ನೌಕೆ ನೋಡಲೆಂದು ಜನ ಮುಗಿಬಿದ್ದರು. ಪ್ರವಾಸಿಗರನ್ನು ಬಲೂನಿನಲ್ಲಿ ಮೇಲೆ ಒಯ್ಯುವ ಆಸೆ ಹೊತ್ತ ಸ್ಪೇನಿನ ಕಂಪನಿಯೊಂದರ ಪ್ರಯೋಗ ಅದು. ಟಾಟಾ ಸಂಸ್ಥೆಯ ಬಲೂನು 37 ಕಿ.ಮೀ. ಎತ್ತರಕ್ಕೆ ಒಯ್ದು ಇಳಿಸಿತ್ತು.

ನಿಜವಾಗಿ ಬಾಹ್ಯಾಕಾಶದಿಂದ ಬಿದ್ದದ್ದು ಹೇಗಿರುತ್ತದೆ ಎಂಬುದಕ್ಕೂ ನೆರೆಯಲ್ಲೇ ಉದಾಹರಣೆ ಇದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಗೆರೆಗಳು ಹರಿದವು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಸುಮಾರು ಮೂರು ಮೀಟರ್ ಅಡ್ಡಳತೆಯ ಲೋಹದ ಉಂಗುರ, ಲೋಹದ ಗೋಳಗಳು ಬಿದ್ದಿದ್ದವು. ಚೀನಾದ ರಾಕೆಟ್ಟಿನ ಅವಶೇಷ ಎಂದು ತಜ್ಞರು ಅಂದಾಜಿಸಿದರು. ಬಾಹ್ಯಾಕಾಶದಿಂದ ಭಾರಿ ವೇಗದಲ್ಲಿ ವಾತಾವರಣ ಹೊಕ್ಕು ಉಳಿಯುವುದು ಸುಟ್ಟು ಕರಕಲಾದ ಗಟ್ಟಿ ಲೋಹ. ಥರ್ಮಕೋಲು, ದಾರ, ಕಾಗದ, ಬೆಳ್ಳಿ ಹಾಳೆ ಸಿಕ್ಕರೆ ಅದು ಮೆಲ್ಲಗೆ ಇಳಿದದ್ದು, ಈ ಭೂಮಿಯದೇ.

ಅನ್ಯಲೋಕದ ಜೀವ ಹುಡುಕುವ ಕೆಲಸವನ್ನೂ ಬಲೂನು ಮಾಡಿದೆ, ಗಂಭೀರವಾಗಿ. 2005ರ ಏಪ್ರಿಲಿನಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು 20ರಿಂದ 41 ಕಿ.ಮೀ. ಎತ್ತರದ ಗಾಳಿಯನ್ನು ಕೊಳವೆಗಳಲ್ಲಿ ತುಂಬಿ ತಂದಿತು. ಜಯಂತ ನಾರ್ಳೀಕರ್ ಅವರಂಥ ಖಭೌತವಿಜ್ಞಾನಿ ಇದರ ಹಿಂದಿದ್ದರು. ಅದರಲ್ಲಿ ಹಿಂದೆ ಎಲ್ಲೂ ದಾಖಲಾಗದ ಮೂರು ಬ್ಯಾಕ್ಟೀರಿಯಾ ಸಿಕ್ಕವೆಂದು 2009ರಲ್ಲಿ ಇಸ್ರೊ ಪ್ರಕಟಿಸಿತು. ಒಂದಕ್ಕೆ ಇಸ್ರೊದ, ಒಂದಕ್ಕೆ ಆರ್ಯಭಟನ, ಇನ್ನೊಂದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್‌ನ ಹೆಸರು. ಇವು ಹೊರಲೋಕದವು ಎಂದು ಇದರಿಂದ ಸಿದ್ಧವಾಗುವುದಿಲ್ಲ ಎಂದೂ ಅದೇ ಪ್ರಕಟಣೆಯಲ್ಲಿ ಹೇಳಿತ್ತು. ಆ ಒಂದು ಸಾಲಿಗಾಗಿ ನನಗೆ ಆ ಸಂಸ್ಥೆಯ ಮೇಲೆ ಗೌರವ. ರಾಸ್‌ವೆಲ್ ನೆಲೆಯವರು ಪ್ರಕಟಣೆ ಹೊರಡಿಸಿದ ರೀತಿಗೆ ಇದನ್ನು ಹೋಲಿಸಿ ನೋಡಿ.

ಭಾರತದ ಸೇನೆಗೂ ಬಲೂನಿನ ಕಡೆ ಆಸಕ್ತಿ ಬಂದಿದೆ. 2025ರ ಮೇ 3ರಂದು ಮಧ್ಯಪ್ರದೇಶದ ಶ್ಯೋಪುರದಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಹಾರಿಸಿದ ವಾಯುನೌಕೆ ಸುಮಾರು 17 ಕಿ.ಮೀ. ಏರಿ, ಒಂದು ಗಂಟೆ ಹಾರಾಡಿ ಇಳಿಯಿತು. ನಿಗಾ ಇಡುವುದೇ ಅದರ ಉದ್ದೇಶ. ಸುದ್ದಿಯನ್ನು ಸರಕಾರವೇ ಚಿತ್ರ ಸಮೇತ ಕೊಟ್ಟಿತು. ಮುಂದೆ ಹಾರುವ ಎಲ್ಲದರ ಸುದ್ದಿಯನ್ನೂ ಹೀಗೆ ಕೊಡುತ್ತಾರೆಂದು ಯಾರೂ ನಿರೀಕ್ಷಿಸಬೇಕಿಲ್ಲ. ಸೇನೆಗೆ ಗುಟ್ಟು ಬೇಕು. ಆದರೆ ಬಿದ್ದ ಮೇಲೆ ಹೊಲದ ಒಡೆಯನಿಗೆ ಇದು ನಮ್ಮದು ಎನ್ನುವುದಕ್ಕೆ ಯಾವ ಗುಟ್ಟೂ ಅಡ್ಡ ಬರಬೇಕಾಗಿಲ್ಲ. ಯಾತಕ್ಕೆ ಎಂದು ಹೇಳದಿದ್ದರೂ ನಡೆದೀತು, ಯಾರದು ಎಂದು ಹೇಳಲೇಬೇಕು.

ಹೈದರಾಬಾದಿನ ಕೇಂದ್ರ ಹಾರಾಟದ ಹಂಗಾಮಿಗೆ ಮೊದಲೇ ಪತ್ರಿಕೆಗಳಲ್ಲಿ ತಿಳಿವಳಿಕೆ ಕೊಡುತ್ತದೆ. ಬೀದರ, ಕಲಬುರಗಿ, ವಿಜಯಪುರದಂಥ ಜಿಲ್ಲೆಗಳ ಹೆಸರು ಅದರಲ್ಲಿರುತ್ತದೆ. ಧಾರವಾಡ ಜಿಲ್ಲೆ ಹೈದರಾಬಾದಿನಿಂದ ನೇರ ಗೆರೆಯಲ್ಲೇ ನಾನೂರು ಕಿ.ಮೀ. ದೂರ, ಆ ಬಲೂನು ನವಲಗುಂದಕ್ಕೆ ಬರುವುದು ಕಷ್ಟ. ನಮ್ಮ ಹೊಲಕ್ಕೆ ಬೀಳಬಹುದಾದದ್ದು ಸಣ್ಣದು: ಹವಾಮಾನ ಇಲಾಖೆಯ ರೇಡಿಯೊಸಾಂಡ್. ಪಣಜಿ, ಮಂಗಳೂರು, ಬೆಂಗಳೂರುಗಳಲ್ಲಿ ಅದನ್ನು ಹಾರಿಸುವ ಕೇಂದ್ರಗಳಿವೆ. ಲೋಕದ ತುಂಬ ಒಂದೇ ಹೊತ್ತಿಗೆ, ನಮ್ಮ ಗಡಿಯಾರದ ಬೆಳಗಿನ ಐದೂವರೆ, ಸಂಜೆಯ ಐದೂವರೆಯ ಲೆಕ್ಕಕ್ಕೆ, ಇವನ್ನು ಬಿಡುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ. ಗಾಳಿಯ ಒತ್ತಡ, ಬಿಸುಪು, ತೇವ ಅಳೆದು ರೇಡಿಯೊದಲ್ಲಿ ಕಳಿಸುತ್ತದೆ. ಬಲೂನು 30 ಕಿ.ಮೀ. ಆಚೀಚೆ ಒಡೆದ ಮೇಲೆ ಡಬ್ಬಿ ಎಲ್ಲೋ ಇಳಿಯುತ್ತದೆ. ಪಣಜಿಯಿಂದ ಎದ್ದದ್ದು ಪಶ್ಚಿಮದ ಗಾಳಿ ಹಿಡಿದರೆ ಕಲಘಟಗಿ ದಾರಿಯಲ್ಲೇ ಇದೆ. ನಾಳೆ ಬಿತ್ತಬೇಕೋ ಬೇಡವೋ ಎಂದು ಹೇಳುವ ಮುನ್ಸೂಚನೆಗೆ ಬೇಕಾದ ಅಂಕಿ ಕಳಿಸಿ ಮುಗಿಸಿದ ಡಬ್ಬಿ ಅದು. ಅದರ ಕೆಲಸ ಅಲ್ಲಿಗೆ ತೀರಿತು.

ದೊಡ್ಡದೇ ಬಿದ್ದರೆ ನಡೆದುಕೊಳ್ಳುವ ರೀತಿಯನ್ನು ಹೈದರಾಬಾದಿನವರ ತಿಳಿವಳಿಕೆಯೇ ಹೇಳುತ್ತದೆ. ಎಳೆದಾಡಬೇಡಿ, ಕೆಲವು ಯಂತ್ರಗಳಲ್ಲಿ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಇರುತ್ತದೆ. ಹತ್ತಿರದ ಪೊಲೀಸ್ ಠಾಣೆಗೆ, ಅಂಚೆ ಕಚೇರಿಗೆ ಇಲ್ಲವೆ ಚೀಟಿಯಲ್ಲಿರುವ ಫೋನಿಗೆ ತಿಳಿಸಿ. ನನ್ನ ಕಡೆಯಿಂದ ಇನ್ನೊಂದು ಮಾತು: ಹಾಳೆಯನ್ನು ದನ ಮೇಯುವ ಕಡೆ ಬಿಡಬೇಡಿ, ಪಾಲಿಥೀನ್ ಹೊಟ್ಟೆಗೆ ಹೋದರೆ ಎಮ್ಮೆ ಉಳಿಯುವುದಿಲ್ಲ. ತಿಳಿಸಿದವರಿಗೆ ಸೂಕ್ತ ಬಹುಮಾನವೂ ಫೋನಿನ, ಓಡಾಟದ ಖರ್ಚೂ ಸಿಗುತ್ತದೆ. ಡಬ್ಬಿ ಬಿಚ್ಚಿ ನೋಡಿದವರಿಗೆ ಬಹುಮಾನ ಇಲ್ಲ.